ಭರತಪುರದ ಹೆಸರಲ್ಲಿ ನಮ್ಮ ಕೆರೆಗೆ ಬೇಲಿ: ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ನಿಜಕ್ಕೂ ಆಗಿದ್ದೇನು?

ಏರಿ_ಯಲಹಂಕ
ಉತ್ತರ ಬೆಂಗಳೂರಿನ ಒಂದು ಕೆರೆ ಸಮಿತಿಯ ಮುಂದೆ ಈಗ ಒಂದು ಪ್ರಸ್ತಾವ ಬಂದಿದೆ. ಸುತ್ತ ಆಳೆತ್ತರದ ಬೇಲಿ ಹಾಕೋದು, ದನ ಎಮ್ಮೆ ಒಳಗೆ ಬಿಡದೇ ಇರೋದು, ಹುಲ್ಲು ಕೊಯ್ಯೋರನ್ನೂ ತಡೆಯೋದು, ವರ್ಷವಿಡೀ ಕೋಡಿ ಮಟ್ಟಕ್ಕೆ ನೀರು ನಿಲ್ಲಿಸೋದು. ಇದಕ್ಕೆ ಆಧಾರ ಅಂತ ತೋರಿಸ್ತಿರೋದು ರಾಜಸ್ಥಾನದ ಭರತಪುರದಲ್ಲಿರೋ ಹಕ್ಕಿಗಳ ಉದ್ಯಾನ ಕೇವಲಾದೇವ್. ಅಲ್ಲಿ ಗೋಡೆ ಕಟ್ಟಿ, ಮೇಯಿಸೋದು ನಿಲ್ಲಿಸಿದ್ದಕ್ಕೇ ಹಕ್ಕಿಗಳು ಉಳಿದವು ಅನ್ನೋದು ವಾದ.

ಇದು ಸರೀನಾ? ಅಲ್ಲಿ ಮೇವು ನಿಲ್ಲಿಸಿದ ಮೇಲೆ ಏನಾಯ್ತು, ನೀರು ಎಲ್ಲಿಂದ ಬರುತ್ತೆ, ಅದರಲ್ಲಿ ನಮ್ಮ ಕೆರೆಗೆ ಹೊಂದೋದು ಯಾವುದು? ತಿಳಿದವರು ವಿವರವಾಗಿ ಬರೀರಿ. ಮುಂದಿನ ಸಭೆಗೆ ಮುಂಚೆ ಒಂದು ಟಿಪ್ಪಣಿ ಕೊಡಬೇಕಿದೆ.

ಬಾಯ್ಕಳಕ
ಭರತಪುರದಿಂದ ಕಲಿಯೋ ಪಾಠ ಇದಕ್ಕೆ ತದ್ವಿರುದ್ಧ ಇದೆ. ದಯವಿಟ್ಟು ಆ ಟಿಪ್ಪಣಿ ಬರೆದೇ ಬರೀರಿ.

ನೀರ್ಗಂಟಿ
ಮೊದಲು ಆ ಜಾಗ ಎಂಥದ್ದು ಅಂತ ಹೇಳ್ತೀನಿ. ಅದು ತಾನೇ ತಾನಾಗಿ ನೀರು ತುಂಬಿಕೊಳ್ಳೋ ಜೌಗು ಅಲ್ಲ. ಗಂಭೀರ್ ಮತ್ತು ಬಾಣಗಂಗಾ ನದಿಗಳ ಪ್ರವಾಹದ ಬಯಲಲ್ಲಿ ಒಂದು ತಗ್ಗು. 18ನೇ ಶತಮಾನದಲ್ಲಿ ಮಹಾರಾಜ ಸೂರಜ್‌ಮಲ್ ಕಾಲದಲ್ಲಿ ಅಜಾನ್ ಬಂಧ್ ಅನ್ನೋ ಏರಿ ಕಟ್ಟಿದರು. ಮುಂದೆ ರಾಜರು ಬಾತುಕೋಳಿ ಬೇಟೆಗೋಸ್ಕರ ತಗ್ಗಿನ ಒಳಗೆ ಸಣ್ಣ ಸಣ್ಣ ಏರಿ, ಕಾಲುವೆ, ತೂಬು ಮಾಡಿಸಿ ಅದನ್ನ ಹಲವು ಭಾಗಗಳಾಗಿ ಒಡೆದರು. ಬೇಟೆ ಎಷ್ಟರ ಮಟ್ಟಿಗೆ ಅಂದ್ರೆ 1938ರಲ್ಲಿ ವೈಸರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿ ಹೊಡೆದ ದಾಖಲೆ ಇದೆ.

ಒಟ್ಟು ವಿಸ್ತೀರ್ಣ ಸುಮಾರು 29 ಚದರ ಕಿ.ಮೀ. ಅದರಲ್ಲಿ ನೀರು ನಿಲ್ಲೋದು 11 ಚದರ ಕಿ.ಮೀ. ಆಸುಪಾಸು, ಉಳಿದದ್ದು ಹುಲ್ಲುಗಾವಲು, ಕುರುಚಲು, ಮರಗಳು. ಮಳೆಗಾಲದಲ್ಲಿ ಅಜಾನ್ ಬಂಧ್ ತುಂಬಿದ ಮೇಲೆ ತೂಬೆತ್ತಿ ಒಳಗೆ ನೀರು ಬಿಡ್ತಾರೆ. ಒಂದೊಂದು ಭಾಗಕ್ಕೂ ಬೇರೆ ಬೇರೆ ಮಟ್ಟ. ಚಳಿಗಾಲ ಕಳೆದಂತೆ ಇಳಿಯುತ್ತೆ, ಮೇ ಹೊತ್ತಿಗೆ ಬಹುಪಾಲು ಬತ್ತಿ ಕೆಲವು ಗುಂಡಿಗಳಷ್ಟೇ ಉಳಿಯುತ್ತವೆ. ಮೀನು ಆಮೆ ಬದುಕಲಿ ಅಂತ ಅವಕ್ಕೆ ಕೊಳವೆಬಾವಿ ನೀರು ಕೊಡ್ತಾರೆ. ತುಂಬೋದು, ಇಳಿಯೋದು, ಬತ್ತೋದು, ಈ ಮೂರೂ ಸೇರಿದ್ರೇನೇ ಕೇವಲಾದೇವ್. ವರ್ಷವಿಡೀ ಕೋಡಿ ಮಟ್ಟಕ್ಕೆ ನೀರು ಅನ್ನೋದು ಆ ಉದ್ಯಾನದಲ್ಲಿ ಎಂದೂ ಇರಲಿಲ್ಲ.

ಜೊಂಡು
ಮೇವಿನ ವಿಷಯ ನಾನು ಬರೀತೀನಿ, ಇದನ್ನ ಅರ್ಧಂಬರ್ಧ ಹೇಳಿದ್ರೆ ಅನ್ಯಾಯ ಆಗುತ್ತೆ.

1976ರಲ್ಲಿ ಪಕ್ಷಿಧಾಮ, 1981ರಲ್ಲಿ ಜಾಗತಿಕ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ, 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ವಿಶ್ವ ಪರಂಪರೆ ತಾಣ. ಸುತ್ತಲ ಹಳ್ಳಿಗಳ ಎಮ್ಮೆ ದನಗಳು ತಲೆಮಾರುಗಳಿಂದ ಒಳಗೇ ಮೇಯ್ತಿದ್ದವು. 1982ರ ನವೆಂಬರಿನಲ್ಲಿ ಪರ್ಯಾಯ ಏನೂ ತೋರಿಸದೆ ಏಕಾಏಕಿ ನಿಲ್ಲಿಸಿದರು. ಪ್ರತಿಭಟನೆ ಆಯ್ತು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಯವರು ಸತ್ತರು. ಬೇಲಿ ಪ್ರಸ್ತಾವಕ್ಕೆ ಭರತಪುರದ ಹೆಸರು ಬಳಸೋರು ಇದನ್ನೂ ಓದಬೇಕು.

ಆಮೇಲೆ ಒಳಗೆ ಆಗಿದ್ದೇನು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಿಂದ 1990ರ ತನಕ ಹತ್ತು ವರ್ಷ ಅಲ್ಲೇ ಅಧ್ಯಯನ ಮಾಡಿತು. ನಿಷೇಧಕ್ಕೆ ಮುಂಚಿನ ಮತ್ತು ನಂತರದ ಮಾಹಿತಿ ಎರಡೂ ಸಿಕ್ಕಿದ್ದು ಅದಕ್ಕೇ. ಪಾಸ್ಪಲಂ ಡಿಸ್ಟಿಕಂ ಅನ್ನೋ ನೀರುಹುಲ್ಲು ಎಮ್ಮೆ ಬಾಯಿ ತಪ್ಪಿದ ಕೂಡಲೇ ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಹರಡಿತು. ಚಾಪೆ ಬಿದ್ದಲ್ಲಿ ಬಾತುಗಳಿಗೆ ಇಳಿಯೋಕೆ ತೆರೆದ ನೀರಿಲ್ಲ, ಮುಳುಗಿ ಹುಡುಕೋ ಹಕ್ಕಿಗೆ ದಾರಿಯಿಲ್ಲ, ಕೆಳಗೆ ಬೆಳಕಿಲ್ಲ, ಮೀನಿಗೂ ತೊಂದರೆ. ಸತ್ತ ಹುಲ್ಲು ಕೊಳೆತು ತಳ ಮೇಲೇರುತ್ತೆ. ಆ ವ್ಯವಸ್ಥೆಗೆ ಎಮ್ಮೆ ಬೇಕು ಅನ್ನೋದೇ ಅಧ್ಯಯನದ ತೀರ್ಮಾನ.

ಹಸಿರುಬೇಲಿ
ಇದನ್ನ ಹೀಗೆ ಹೇಳಿದ್ರೆ ನಾಳೆ ಎಲ್ಲ ಕೆರೆಗೂ ದನ ಬಿಡ್ತಾರೆ. ಗೋಡೆ ಇಲ್ಲದಿದ್ದಿದ್ರೆ ಆ 29 ಚದರ ಕಿ.ಮೀ. ಇವತ್ತು ಗದ್ದೆ, ಲೇಔಟ್ ಆಗಿರ್ತಿತ್ತು. ಭರತಪುರ ಊರು ಉದ್ಯಾನದ ಗೋಡೆಗೇ ಅಂಟಿಕೊಂಡಿದೆ. ಬೆಂಗಳೂರಿನಲ್ಲೂ ಬೇಲಿ ಇಲ್ಲದ ಕೆರೆಯಂಗಳದ ಗತಿ ಏನು ಅಂತ ಎಲ್ಲರಿಗೂ ಗೊತ್ತು: ಮೊದಲು ಕಟ್ಟಡದ ಅವಶೇಷ ಸುರೀತಾರೆ, ಆಮೇಲೆ ಶೆಡ್, ಆಮೇಲೆ ಖಾತೆ. ಬೀದಿನಾಯಿಗಳು ಟಿಟ್ಟಿಭದ ಮೊಟ್ಟೆ ಬಿಡಲ್ಲ. ಬೇಲಿ ಬೇಕೇ ಬೇಕು.

ಜೊಂಡು
@ಹಸಿರುಬೇಲಿ ಒತ್ತುವರಿ ತಡೆಯೋ ಬೇಲಿ ಬೇರೆ, ಹುಲ್ಲು ಕೊಯ್ಯೋ ಹೆಂಗಸರನ್ನ ತಡೆಯೋ ನಿಯಮ ಬೇರೆ. ಪ್ರಸ್ತಾವದಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿದ್ದಾರೆ. ಬಿಡಿಸಿ ನೋಡಿ. ಮೊದಲನೆಯದಕ್ಕೆ ನನ್ನ ಒಪ್ಪಿಗೆ ಇದೆ.

ಮಲ್ಲೇಶ್ವರಂ_ಕಾನೂನು
ಕಾನೂನಿನ ಕಡೆಯಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಅನ್ವಯಿಸೋ 35ನೇ ಸೆಕ್ಷನ್ನಿನ 7ನೇ ಉಪವಿಧಿ ಜಾನುವಾರು ಮೇಯಿಸೋದನ್ನ ಪೂರ್ತಿ ನಿಷೇಧಿಸುತ್ತೆ. ಅಭಯಾರಣ್ಯದಲ್ಲಿ ಹಾಗಿಲ್ಲ. 33ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಮೇವನ್ನ ನಿಯಂತ್ರಿಸಬಹುದು, ಮಿತಿ ಹಾಕಬಹುದು, ನಿಲ್ಲಿಸಲೂಬಹುದು. ಅಂದ್ರೆ ಭರತಪುರದ ದರ್ಜೆ ಏರಿದ ದಿನವೇ ಅಲ್ಲಿನ ಅಧಿಕಾರಿಗಳ ಕೈ ಕಟ್ಟಿಹೋಯ್ತು. ಅಧ್ಯಯನ ಎಮ್ಮೆ ಬೇಕು ಅಂದರೂ ಕಾಯ್ದೆ ಬಿಡಲ್ಲ.

ನಮ್ಮ ಕೆರೆಗಳಿಗೆ ಈ ಕಟ್ಟು ಇಲ್ಲ. 2002ರ ತಿದ್ದುಪಡಿಯಿಂದ ಇನ್ನೆರಡು ದಾರಿ ಬಂದಿವೆ: ಸರ್ಕಾರಿ ಜಮೀನಿಗೆ ಸಂರಕ್ಷಣಾ ಮೀಸಲು, ಖಾಸಗಿ ಅಥವಾ ಸಮುದಾಯದ ಜಮೀನಿಗೆ ಸಮುದಾಯ ಮೀಸಲು. ಯಲಹಂಕದ ಪುಟ್ಟೇನಹಳ್ಳಿ ಕೆರೆ ಮೊದಲನೆಯದು, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಎರಡನೆಯದು. ಎರಡರಲ್ಲೂ ಸ್ಥಳೀಯರನ್ನ ಸೇರಿಸಿಕೊಂಡ ನಿರ್ವಹಣಾ ಸಮಿತಿಗೆ ಜಾಗ ಇದೆ. ಹುಲ್ಲು ಕೊಯ್ಯೋಕೆ ಅನುಮತಿ ಪದ್ಧತಿ ಬರೆದಿಡೋಕೆ ಯಾವ ಅಡ್ಡಿಯೂ ಇಲ್ಲ.

ಏರಿ_ಯಲಹಂಕ
ಇದು ಬಹಳ ಉಪಯೋಗ ಆಯ್ತು ಸರ್. 2017ರ ಜೌಗುಪ್ರದೇಶ ನಿಯಮಗಳಲ್ಲಿ ಮೇವು ನಿಷೇಧ ಇದೆ ಅಂತಲೂ ಒಬ್ಬರು ಹೇಳ್ತಿದ್ರು?

ಮಲ್ಲೇಶ್ವರಂ_ಕಾನೂನು
ಇಲ್ಲ. ಅದರಲ್ಲಿ ನಿಷೇಧ ಇರೋದು ಒತ್ತುವರಿಗೆ, ಜೌಗನ್ನ ಬೇರೆ ಉದ್ದೇಶಕ್ಕೆ ಬಳಸೋದಕ್ಕೆ, ಕಸ ಸುರಿಯೋದಕ್ಕೆ, ಸಂಸ್ಕರಿಸದ ಕೊಳಚೆ ಬಿಡೋದಕ್ಕೆ, ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡಕ್ಕೆ, ಕಳ್ಳಬೇಟೆಗೆ. ಇನ್ನೊಂದು ಎಚ್ಚರಿಕೆ: ಕುಡಿಯೋ ನೀರಿಗೆ, ನೀರಾವರಿಗೆ ಅಂತಲೇ ಕಟ್ಟಿದ ಜಲಾಶಯಗಳನ್ನ ಆ ನಿಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ನಿಮ್ಮ ಕೆರೆ ಅಚ್ಚುಕಟ್ಟು ಇದ್ದ ನೀರಾವರಿ ಕೆರೆ ಆಗಿದ್ರೆ ಆ ನಿಯಮವನ್ನೇ ನೆಚ್ಚಿಕೊಳ್ಳೋಕೆ ಹೋಗಬೇಡಿ.

ಪಟ್ಟೆತಲೆ_ಹೆಬ್ಬಾತು
ಎಲ್ಲ ಸರಿ, ಆದ್ರೆ ಮೇವು ನಿಲ್ಲಿಸಿದ್ದಕ್ಕೆ ಸೈಬೀರಿಯನ್ ಕ್ರೇನ್ ಹೋಯ್ತು ಅಂತ ಯಾರೂ ಟಿಪ್ಪಣಿಯಲ್ಲಿ ಬರೀಬೇಡಿ. ಅದು ಅಲ್ಲಲ್ಲಿ ಓಡಾಡೋ ಮಾತು. 1960ರ ದಶಕದಲ್ಲಿ ಇನ್ನೂರರ ಆಸುಪಾಸು ಬರ್ತಿದ್ದವು, ನಿಷೇಧಕ್ಕೆ ಮುಂಚೆಯೇ ಸಂಖ್ಯೆ ಕುಸಿದಿತ್ತು. ಪಶ್ಚಿಮ ಸೈಬೀರಿಯಾದ ಓಬ್ ನದಿ ಬಯಲಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರೋ ಆ ದಾರಿಯುದ್ದಕ್ಕೂ ಬೇಟೆ ಇತ್ತು. ಒಂದು ಸಲಕ್ಕೆ ಎರಡು ಮೊಟ್ಟೆ ಇಟ್ಟು ಸಾಮಾನ್ಯವಾಗಿ ಒಂದೇ ಮರಿ ಉಳಿಸಿಕೊಳ್ಳೋ ಹಕ್ಕಿ ಅದು, ದೊಡ್ಡ ಹಕ್ಕಿಗಳು ದಾರಿಯಲ್ಲಿ ಸತ್ತರೆ ಚೇತರಿಕೆ ಇಲ್ಲ. ಕೊನೆಯ ಜೋಡಿ ಭರತಪುರದಲ್ಲಿ ಕಂಡಿದ್ದು 2001-02ರ ಚಳಿಗಾಲ.

ಹುಲ್ಲಿನ ಚಾಪೆ ಅವಕ್ಕೆ ತೊಂದರೆ ಕೊಟ್ಟಿದ್ದು ನಿಜ. ಆಳವಿಲ್ಲದ ನೀರಲ್ಲಿ ಕೊಕ್ಕು ಹೂತು ಜೇಕಿನ ಗೆಡ್ಡೆ ತಿನ್ನೋ ಹಕ್ಕಿಗೆ ದಪ್ಪ ಚಾಪೆ ಅಡ್ಡ. ಆದ್ರೆ ಮೂಲ ಕಾರಣ ಉದ್ಯಾನದ ಗೋಡೆಯಿಂದ ಸಾವಿರಾರು ಕಿ.ಮೀ. ಆಚೆ ಇತ್ತು.

ಹಸಿರುಬೇಲಿ
ಅದನ್ನೇ ನಾನೂ ಹೇಳೋದು, ಎಲ್ಲದಕ್ಕೂ ಗೋಡೆಯನ್ನ ಬೈಯೋದು ತಪ್ಪು.

ಸೂಜಿಬಾಲ
ಗೋಡೆಯನ್ನ ಬೈಯಬೇಕಾದ ಜಾಗವೂ ಇದೆ. ಸುಮಾರು ಎರಡು ಮೀಟರ್ ಎತ್ತರದ ಗೋಡೆ ಊರಿನ ದನವನ್ನ ಹೊರಗಿಡೋಕೆ ಅಂತ ಇದೆ, ಆದ್ರೂ ಒಳಗೆ ಬಿಡಾಡಿ ದನಗಳು ಇದ್ದೇ ಇವೆ. ಹಾಲು ಕರೆಯೋ ಎಮ್ಮೆ ಹೊರಗೆ, ಯಾರಿಗೂ ಬೇಡದ ದನ ಒಳಗೆ. ಎಮ್ಮೆ ಮಾಡ್ತಿದ್ದ ಕೆಲಸವನ್ನ ಅವು ಮಾಡಲ್ಲ. ಎಮ್ಮೆ ಕುತ್ತಿಗೆ ಮಟ್ಟದ ನೀರಿಗಿಳಿದು ಹುಲ್ಲು ಕೀಳುತ್ತೆ, ದನ ಅಂಚಿನ ಒಣನೆಲದಲ್ಲೇ ಮೇಯುತ್ತೆ.

ಇಲಾಖೆಯವರು ಹಳ್ಳಿಯವರಿಗೆ ಹುಲ್ಲು ಕೊಯ್ಯೋಕೆ ಅನುಮತಿ ಕೊಡೋ ಪದ್ಧತಿಯನ್ನೂ ತಂದರು. ಅದು ಒಳ್ಳೇದು, ಆದ್ರೆ ಕುಡುಗೋಲು ನೀರಿನ ಮಟ್ಟಕ್ಕೆ ನಿಲ್ಲುತ್ತೆ, ಗಂಟಿನಿಂದ ಮತ್ತೆ ಚಿಗುರುತ್ತೆ. ಎಮ್ಮೆ ತುಳಿತದಿಂದ ಬುಡವೇ ಕಿತ್ತು ಬರುತ್ತೆ. ಎರಡೂ ಸಮ ಅಂತ ಲೆಕ್ಕ ಹಾಕಬಾರದು.

ಲೆಕ್ಕದಪುಸ್ತಕ
ನೀರಿನ ಲೆಕ್ಕ ಯಾರೂ ಹಾಕಿಲ್ಲ. ಉದ್ಯಾನಕ್ಕೆ ಬೇಕು ಅಂತ ಎಲ್ಲ ಯೋಜನೆಗಳಲ್ಲೂ ಬರೋ ಅಂಕಿ ವರ್ಷಕ್ಕೆ 550 ದಶಲಕ್ಷ ಘನ ಅಡಿ. ನಮ್ಮ ಭಾಷೆಯಲ್ಲಿ 0.55 ಟಿಎಂಸಿ. ಲೀಟರಿಗೆ ತಂದರೆ ಸುಮಾರು 1,557 ಕೋಟಿ ಲೀಟರ್. ಕಾವೇರಿ ಐದನೇ ಹಂತ ಸೇರಿ ಬೆಂಗಳೂರಿನ ಪೂರೈಕೆ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್, ಅಂದ್ರೆ ಬೆಂಗಳೂರಿನ ಏಳು ದಿನದ ನೀರು. ಕೆಆರ್‌ಎಸ್‌ನ 49.45 ಟಿಎಂಸಿಯಲ್ಲಿ ತೊಂಬತ್ತರಲ್ಲಿ ಒಂದು ಪಾಲು. 11 ಚದರ ಕಿ.ಮೀ.ಗೆ ಹಂಚಿದರೆ ಸರಾಸರಿ 1.4 ಮೀಟರ್ ಆಳ ಬರುತ್ತೆ. ಆದ್ರೆ ಒಂದೇ ಸಲ ತುಂಬಿಸಿ ಇಡೋದಲ್ಲ, ಒಣಗಿದ ನೆಲ ಮೊದಲು ಕುಡಿಯುತ್ತೆ, ಆಮೇಲೆ ಆವಿ. ನಿಂತ ಆಳ ಅದಕ್ಕಿಂತ ಕಡಿಮೆಯೇ.

ಇಷ್ಟು ಸಣ್ಣ ಪ್ರಮಾಣದ ನೀರಿಗೆ ಒಂದು ವಿಶ್ವ ಪರಂಪರೆ ತಾಣ ಒಣಗಿಹೋಗಿತ್ತು ಅನ್ನೋದು ನೋವಿನ ಸಂಗತಿ.

ನೀರ್ಗಂಟಿ
ಒಣಗಿದ್ದು ಯಾಕೆ ಅಂದ್ರೆ ಮೇಲ್ಗಡೆ ಕರೌಲಿ ಜಿಲ್ಲೆಯಲ್ಲಿ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಬಂತು. 2003-04ರ ನಂತರ ಅಲ್ಲಿಂದ ನೀರು ಬಿಡೋದು ಜಗಳದ ವಿಷಯ ಆಯ್ತು. 2004ರಿಂದ 2007ರ ನಡುವೆ ಉದ್ಯಾನ ಕಂಡದ್ದು ಬರಗಾಲ. ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದನ್ನೇ ಬಿಟ್ಟವು. 2008ರಲ್ಲಿ ಯುನೆಸ್ಕೊ ಕಡೆಯ ತಂಡವೇ ನೋಡೋಕೆ ಬಂತು.

ರಾಜಾಜಿನಗರ_ರಘು
ರೈತರಿಗೆ ಒಂದಿಷ್ಟು ಹೇಳಿ ಬಿಡಿಸೋದಕ್ಕೆ ಸರ್ಕಾರಕ್ಕೆ ಏನು ಕಷ್ಟ? ವರ್ಷಕ್ಕೊಮ್ಮೆ ಅರ್ಧ ಟಿಎಂಸಿ.

ಮಂಡ್ಯದ_ಮಗಳು
@ರಾಜಾಜಿನಗರ_ರಘು ಕೆಆರ್‌ಎಸ್‌ನಿಂದ ಬೇರೆ ಕಡೆಗೆ ಅರ್ಧ ಟಿಎಂಸಿ ಬಿಡಿ ಅಂತ ಬರಗಾಲದಲ್ಲಿ ಮದ್ದೂರಿನ ರೈತರ ಮುಂದೆ ಹೋಗಿ ಹೇಳಿ ನೋಡಿ. ಕರೌಲಿಯವರ ಜಮೀನು ಆ ಅಣೆಕಟ್ಟಿನ ಕಾಲುವೆ ನಂಬಿದೆ. ಹಕ್ಕಿಗೆ ನೀರು, ನಮಗಿಲ್ಲ ಅನ್ನೋ ಭಾವನೆ ಬಂದ ಮೇಲೆ ಅಲ್ಲಿ ರಾಜಕೀಯ ಪಕ್ಷಗಳೂ ಬಂದವು. ನದಿಯಲ್ಲಿ ಹರಿಯೋ ನೀರಲ್ಲಿ ಕೆಳಗಿನ ಜೌಗಿಗೆ ಇಂತಿಷ್ಟು ಪಾಲು ಅಂತ ಅಣೆಕಟ್ಟು ಕಟ್ಟೋ ಮುಂಚೆಯೇ ಬರೆದಿಡಬೇಕಿತ್ತು. ಕಟ್ಟಿ, ಕಾಲುವೆ ತೋಡಿ, ಬೆಳೆ ಇಟ್ಟ ಮೇಲೆ ಕೇಳಿದ್ರೆ ಯಾರು ಕೊಡ್ತಾರೆ?

ಲೆಕ್ಕದಪುಸ್ತಕ
ಅದಕ್ಕೇ ಬದಲಿ ದಾರಿ ಹುಡುಕಿದರು. ಗೋವರ್ಧನ ಡ್ರೈನ್ ಅನ್ನೋ ಪ್ರವಾಹ ಕಾಲುವೆಯಿಂದ ಸುಮಾರು 17 ಕಿ.ಮೀ. ಕೊಳವೆ ಹಾಕಿ ಪಂಪ್ ಮಾಡೋ ಯೋಜನೆ, 350 ದಶಲಕ್ಷ ಘನ ಅಡಿ ಗುರಿ. 2012ರಿಂದ ನೀರು ಬರ್ತಿದೆ. ಜೊತೆಗೆ ಚಂಬಲ್ ಕುಡಿಯೋ ನೀರಿನ ಕೊಳವೆಯಿಂದ ಒಂದು ಸಣ್ಣ ಪಾಲು.

ಮೀನುಮರಿ
ಇಲ್ಲೇ ನೋಡಿ ಜನ ಎಡವೋದು. 550 ಅನ್ನೋ ಅಂಕಿ ತುಂಬಿದ್ರೆ ಕೆಲಸ ಆಯ್ತು ಅಂದುಕೊಳ್ತಾರೆ. ಯಾವ ನೀರು ಅನ್ನೋದು ಎಷ್ಟು ನೀರು ಅನ್ನೋದರಷ್ಟೇ ಮುಖ್ಯ.

ಗಂಭೀರ್ ಪ್ರವಾಹ ಅಜಾನ್ ಬಂಧ್ ಮೂಲಕ ಬರುವಾಗ ಜೊತೆಗೆ ಲಕ್ಷಾಂತರ ಮೀನುಮರಿ, ಮೊಟ್ಟೆ, ಸೀಗಡಿ, ನೀರುಹುಳು, ಜಲಸಸ್ಯದ ಬೀಜ ಎಲ್ಲ ಬರುತ್ತೆ. ಮುಳುಗಿದ ಹುಲ್ಲು ಕೊಳೆತು ಸೂಕ್ಷ್ಮಜೀವಿ ಹೆಚ್ಚಿ ಆ ಮರಿಗಳು ದಿನದಿನಕ್ಕೆ ಬೆಳೀತವೆ. ನೀರು ಇಳಿದಂತೆ ಮೀನು ಒತ್ತೊತ್ತಾಗುತ್ತೆ. ಸರಿಯಾಗಿ ಅದೇ ಹೊತ್ತಿಗೆ ಗೂಡಿನಲ್ಲಿ ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳ ಮರಿಗಳು ಬಾಯಿ ತೆರೆದಿರುತ್ತವೆ. ಕೊಳವೆಬಾವಿ ನೀರಲ್ಲಿ ಮೀನೇ ಇಲ್ಲ. ಶುದ್ಧೀಕರಿಸಿದ ಕುಡಿಯೋ ನೀರಲ್ಲೂ ಇಲ್ಲ. ಪಂಪಿನಲ್ಲಿ ಬರೋ ನೀರಲ್ಲಿ ಮೀನುಮರಿಗಳು ಪಂಪಿನ ರೆಕ್ಕೆಗೆ ಸಿಕ್ಕು ಸಾಯೋದೂ ಉಂಟು, ಜೊತೆಗೆ ಡ್ರೈನಿನ ನೀರಿನ ಗುಣಮಟ್ಟದ ಮೇಲೆ ಕಣ್ಣಿಡಬೇಕು.

ಸಮಯವೂ ಅಷ್ಟೇ. ಅಲ್ಲಿ ಗೂಡಿನ ಮರಗಳು ನೀರಿನ ಮಧ್ಯೆ ನಿಂತಿರೋ ಕರಿಜಾಲಿ. ಬುಡದಲ್ಲಿ ನೀರಿದ್ರೆ ಕಾಡುಬೆಕ್ಕು, ನರಿ ಹತ್ತಿರ ಬರಲ್ಲ. ಜುಲೈ ಆಗಸ್ಟಲ್ಲಿ ಬುಡಕ್ಕೆ ನೀರು ಬರಲಿಲ್ಲ ಅಂದ್ರೆ ಆ ವರ್ಷದ ಸಂತಾನ ಕೈತಪ್ಪಿತು. ಡಿಸೆಂಬರಲ್ಲಿ ಅಷ್ಟೇ ನೀರು ಕೊಟ್ಟು ಬಾತುಗಳನ್ನ ತೃಪ್ತಿಪಡಿಸಬಹುದು, ಕೊಕ್ಕರೆಗಳನ್ನಲ್ಲ.

ಮಂಡ್ಯದ_ಮಗಳು
ಇದು ನಮ್ಮ ಕಡೆಗೆ ಬೇರೆ ಥರ ಅನ್ನೋದನ್ನೂ ಸೇರಿಸಿ. ಕೊಕ್ಕರೆಬೆಳ್ಳೂರು, ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ ಮಳೆಗಾಲಕ್ಕೆ ಕಾಯಲ್ಲ, ಚಳಿಗಾಲದ ಕೊನೆಗೆ ಗೂಡು ಶುರುಮಾಡಿ ಬೇಸಿಗೆಯಲ್ಲಿ ಮರಿ ಸಾಕುತ್ತೆ. ಭರತಪುರದ ವೇಳಾಪಟ್ಟಿಯನ್ನ ಹಾಗೇ ಇಲ್ಲಿಗೆ ತರಬೇಡಿ. ಮತ್ತೆ ಕೊಕ್ಕರೆಬೆಳ್ಳೂರಲ್ಲಿ ಗೂಡಿರೋದು ಊರೊಳಗಿನ ಹುಣಸೆ ಮರಗಳಲ್ಲಿ. ಹುಣಸೆಹಣ್ಣಿನ ನಷ್ಟಕ್ಕೆ ಮರಕ್ಕಿಷ್ಟು ಅಂತ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. ಅಲ್ಲಿ ಬೇಲಿಯೇ ಇಲ್ಲ.

ಹೊಸಬ_ಹಕ್ಕಿನೋಟ
ನಡುವೆ ಬಾಯಿ ಹಾಕ್ತಿದ್ದೀನಿ, ಭರತಪುರಕ್ಕೆ ಹೋಗೋಕೆ ಯಾವ ತಿಂಗಳು ಒಳ್ಳೇದು?

ಸೂಜಿಬಾಲ
ಗೂಡು ಮರಿ ನೋಡೋಕೆ ಸೆಪ್ಟೆಂಬರ್ ಅಕ್ಟೋಬರ್, ವಲಸೆ ಬಾತು ಹೆಬ್ಬಾತಿಗೆ ನವೆಂಬರ್ ಕೊನೆಯಿಂದ ಫೆಬ್ರವರಿ. ಜನವರಿಯಲ್ಲಿ ಮಂಜು ದಟ್ಟ, ಬೆಳಿಗ್ಗೆ ಹೊತ್ತು ಏನೂ ಕಾಣದೇ ಹೋಗಬಹುದು. ಒಳಗೆ ರಿಕ್ಷಾ ಓಡಿಸೋರಿಗೆ ಹಕ್ಕಿಗಳ ಪರಿಚಯ ಚೆನ್ನಾಗಿದೆ. ಹೋಗೋ ಮುಂಚೆ ಆ ವರ್ಷ ನೀರು ಬಂದಿದೆಯಾ ಅಂತ ವಿಚಾರಿಸಿ, ಅದೇ ಎಲ್ಲಕ್ಕಿಂತ ಮುಖ್ಯ.

ಲೋಕ್ತಕ್_ನೋಡಿ
ನೀರಿನ ಮಟ್ಟ ಏರಿಸಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇನ್ನೂ ಗಟ್ಟಿ ಉದಾಹರಣೆ ಮಣಿಪುರದ ಕೈಬುಲ್ ಲಾಮ್ಜಾವೊ. 40 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನ, ಬಹುಭಾಗ ಲೋಕ್ತಕ್ ಸರೋವರದ ಮೇಲೆ ತೇಲೋ ಫುಮ್ಡಿ. ಬೇರು, ಹುಲ್ಲು, ಕೊಳೆತ ಗಿಡ, ಮಣ್ಣು ಸೇರಿದ ದಪ್ಪ ಹಾಸು ಅದು. ಸಂಗಾಯ್ ಜಿಂಕೆಯ ಪಾದ ಊರೋದು ಅದರ ಮೇಲೆ. 1975ರ ಗಣತಿಯಲ್ಲಿ ಸಿಕ್ಕಿದ್ದು ಬರೀ 14 ಜಿಂಕೆ.

ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿ ತಳಕ್ಕೆ ಕೂತು ಬೇರುಗಳು ಕೆಸರಿನಿಂದ ಸಾರ ಹೀರಿಕೊಳ್ತಿದ್ದವು, ಮಳೆಗಾಲದಲ್ಲಿ ಮತ್ತೆ ತೇಲ್ತಿದ್ದವು. 1983ರಲ್ಲಿ ಜಲವಿದ್ಯುತ್ತಿಗಾಗಿ ಇಥಾಯ್ ಬ್ಯಾರೇಜ್ ಬಂದು ವರ್ಷಪೂರ್ತಿ ಮಟ್ಟ ಮೇಲೆಯೇ ನಿಂತಿತು. ಹಾಸು ತಳ ಮುಟ್ಟಲ್ಲ, ಸಾರ ಸಿಗಲ್ಲ, ವರ್ಷ ವರ್ಷ ತೆಳ್ಳಗಾಗ್ತಿದೆ. ತೆಳ್ಳಗಾದ ಹಾಸು ಜಿಂಕೆಯ ಭಾರ ಹೊರಲ್ಲ. ಕೇವಲಾದೇವ್ ಮತ್ತು ಲೋಕ್ತಕ್ ಎರಡೂ ಇವತ್ತಿಗೂ ರಾಮ್ಸಾರ್‌ನ ಮೊಂಟ್ರೋ ಪಟ್ಟಿಯಲ್ಲಿವೆ, ಅಪಾಯದಲ್ಲಿರೋ ಜೌಗುಗಳ ಪಟ್ಟಿ ಅದು. ಚಿಲಿಕಾ ಮಾತ್ರ ಹೊರಬಂತು, 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದ ಮೇಲೆ 2002ರಲ್ಲಿ.

ಏರಿ_ಯಲಹಂಕ
ಲೋಕ್ತಕ್ ವಿವರ ಟಿಪ್ಪಣಿಗೆ ಹಾಕ್ತೀನಿ. ಈಗ ನಮ್ಮ ಕೆರೆಗೆ ಬನ್ನಿ. ಸಂಸ್ಕರಣಾ ಘಟಕದಿಂದ ವರ್ಷವಿಡೀ ನೀರು ಬರುತ್ತೆ, ಒಂದು ಬದಿ ಜೊಂಡು, ಒಳಹರಿವಿನ ಕಡೆ ಅಂತರಗಂಗೆ, ಅಂಗಳದ ಒಂದು ಮೂಲೆ ಬಳ್ಳಾರಿ ಜಾಲಿ.

ನೀರ್ಗಂಟಿ
ನಮ್ಮ ಸಮಸ್ಯೆ ಭರತಪುರದ ಸಮಸ್ಯೆಗೆ ಉಲ್ಟಾ. ಅಲ್ಲಿ ನೀರಿಲ್ಲ, ಇಲ್ಲಿ ನೀರು ಬತ್ತೋದೇ ಇಲ್ಲ. ಬತ್ತದ ಕೆರೆಯಲ್ಲಿ ಕೆಸರಂಗಳ ಬರಲ್ಲ, ಗೊರವಗಳಿಗೆ ಜಾಗ ಇಲ್ಲ.

ಮಾಡಬೇಕಾದ್ದು ಇಷ್ಟು. ತೂಬು ಕೆಲಸ ಮಾಡುತ್ತಾ ನೋಡಿ. ಅಭಿವೃದ್ಧಿ ಹೆಸರಲ್ಲಿ ಎಷ್ಟೋ ಕೆರೆಗಳಲ್ಲಿ ತೂಬನ್ನ ಕಾಂಕ್ರೀಟ್ ಹಾಕಿ ಮುಚ್ಚಿದ್ದಾರೆ. ತೂಬು ಇದ್ದರೆ ಡಿಸೆಂಬರಿಂದ ವಾರಕ್ಕೆ ಐದಾರು ಸೆಂ.ಮೀ. ಮೀರದ ಹಾಗೆ ಇಳಿಸ್ತಾ ಬನ್ನಿ. ಒಮ್ಮೆಲೇ ಇಳಿಸಿದ್ರೆ ಮೀನು ಸಾಯುತ್ತೆ, ದೇವನಕ್ಕಿ ಗೂಡು ಕೆಸರಲ್ಲಿ ಕೂರುತ್ತೆ. ಕೆಳಗಿನ ರಾಜಕಾಲುವೆ ಚೊಕ್ಕಟವಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲಾಂದ್ರೆ ಇಳಿಸಿದ ನೀರು ಯಾರದೋ ಮನೆಗೆ ನುಗ್ಗುತ್ತೆ. ಅತಿ ಆಳದ ಒಂದು ಭಾಗ ಮಾತ್ರ ಬತ್ತಿಸಬೇಡಿ.

ಆಳ ಹೆಚ್ಚುಕಡಿಮೆ ಹೀಗಿರಲಿ: ಸಣ್ಣ ಗೊರವಗಳಿಗೆ 5 ಸೆಂ.ಮೀ. ಒಳಗೆ, ಮೆಟ್ಟುಗಾಲು ಹಕ್ಕಿಗೆ 15 ತನಕ, ಬಣ್ಣದ ಕೊಕ್ಕರೆ ಚಮಚಕೊಕ್ಕಿಗೆ 10ರಿಂದ 25, ತಲೆ ಮುಳುಗಿಸಿ ಮೇಯೋ ಬಾತುಗಳಿಗೆ 40 ತನಕ, ಹೆಜ್ಜಾರ್ಲೆ ನೀರುಕಾಗೆಗೆ ಅದಕ್ಕಿಂತ ಆಳ. ಅಂಚು 10 ಮೀಟರ್‌ಗೆ 1 ಮೀಟರ್ ಇಳಿಜಾರು ಅಥವಾ ಇನ್ನೂ ನಿಧಾನ ಇದ್ದರೆ ಇವೆಲ್ಲ ಒಂದೇ ಕೆರೆಯಲ್ಲಿ ಸಿಗುತ್ತೆ. ಹೂಳೆತ್ತೋ ಗುತ್ತಿಗೆದಾರರು ಸುತ್ತ ಒಂದೇ ಸಮ ಕಡಿದು ಬಟ್ಟಲು ಮಾಡಿ ಕಲ್ಲು ಕಟ್ಟಿಬಿಟ್ರೆ ನಿಮಗೆ ಉಳಿಯೋದು ನೀರುಕಾಗೆ ಮಾತ್ರ.

ರಾಜಾಜಿನಗರ_ರಘು
ನೀರು ಇಳಿಸಿದ್ರೆ ವಾಸನೆ ಬರುತ್ತೆ ಅಂತ ಸುತ್ತಲ ಅಪಾರ್ಟ್‌ಮೆಂಟಿನವರು ಬೊಬ್ಬೆ ಹಾಕ್ತಾರೆ. ಅದಕ್ಕೇನು?

ನೀರ್ಗಂಟಿ
ವಾಸನೆ ಬರೋದು ಒಳಗೆ ಸಂಸ್ಕರಿಸದ ಕೊಳಚೆ ಬರ್ತಿದ್ರೆ. ಮೊದಲು ಆ ಬಾಯಿ ಹುಡುಕಿ ಮುಚ್ಚಿಸಬೇಕು. ಜಕ್ಕೂರು ಕೆರೆಯಲ್ಲಿ ಮಾಡಿರೋ ಹಾಗೆ ಸಂಸ್ಕರಿಸಿದ ನೀರೂ ಮೊದಲು ಜೊಂಡಿನ ಜೌಗಿನಲ್ಲಿ ಹಾದು ಆಮೇಲೆ ಕೆರೆಗೆ ಬರಲಿ, ಸಾರಜನಕ ರಂಜಕ ಅಲ್ಲಿ ಒಂದಿಷ್ಟು ಕಡಿಮೆ ಆಗುತ್ತೆ. ಬೇಸಿಗೆಯಲ್ಲಿ ಬಿಸಿ ನೀರು ನಿಂತ ಕಡೆ ಸತ್ತ ಹಕ್ಕಿ, ಸತ್ತ ಮೀನು ಕಂಡರೆ ಅದೇ ದಿನ ತೆಗೀಬೇಕು. ಹಕ್ಕಿಗಳನ್ನ ಕೊಲ್ಲೋ ಬಾಟುಲಿಸಂ ಅನ್ನೋ ವಿಷರೋಗ ಹರಡೋದು ಕೊಳೆತ ಹೆಣದ ಹುಳುಗಳಿಂದ.

ಜೊಂಡು
ಜೊಂಡಿಗೆ. ಪೂರ್ತಿ ಕಿತ್ತು ಹಾಕಬೇಡಿ, ಅದು ನೇರಳೆ ಜಂಬುಕೋಳಿಯ ಮನೆ, ಕೊಳಕು ಸೋಸೋದೂ ಅದೇ. ಮೂರು ಪಾಲು ಮಾಡಿ ವರ್ಷಕ್ಕೆ ಒಂದು ಪಾಲು ಕೊಯ್ಯಿರಿ. ಜೂನಿಂದ ಸೆಪ್ಟೆಂಬರ್ ಗೂಡಿನ ಕಾಲ, ಆಗ ಮುಟ್ಟಬಾರದು. ಜೊಂಡಿನ ಗೆಡ್ಡೆ ಉಸಿರಾಡೋದು ಮೇಲಿನ ಎಲೆ, ಒಣಗಿದ ದಂಟಿನ ಮೂಲಕ. ಅದಕ್ಕೆ ನೀರಿನ ಮಟ್ಟದಿಂದ 10-15 ಸೆಂ.ಮೀ. ಕೆಳಗೆ ಕೊಯ್ಯಬೇಕು. ತುಂಡಿನ ತಲೆ ಮುಳುಗೇ ಇದ್ರೆ ಗೆಡ್ಡೆ ಕೊಳೆಯುತ್ತೆ. ನೀರಿನ ಮೇಲೆ ಕೊಯ್ದು ಬಿಟ್ರೆ ಮೂರು ವಾರಕ್ಕೆ ಮತ್ತೆ ಆಳೆತ್ತರ. ಕೊಯ್ದಿದ್ದನ್ನ ದಡದಲ್ಲೇ ರಾಶಿ ಹಾಕಬೇಡಿ, ಮಳೆಗೆ ಅದರ ಸಾರ ಮತ್ತೆ ಕೆರೆಗೇ ಇಳಿಯುತ್ತೆ.

ಈ ಕೆಲಸಕ್ಕೆ ಹುಲ್ಲು ಕೊಯ್ಯೋ ಹೆಂಗಸರೇ ನಿಮ್ಮ ಬಲ. ಅವರನ್ನ ಹೊರಗೆ ಹಾಕಿ ಯಂತ್ರಕ್ಕೆ ಟೆಂಡರ್ ಕರೆಯೋದರಲ್ಲಿ ಅರ್ಥ ಇಲ್ಲ.

ಮೂತಿಹುಳು
ಅಂತರಗಂಗೆಗೆ ನಿಯೋಕೆಟಿನಾ ಅನ್ನೋ ಮೂತಿಹುಳು ಇದೆ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲೇ ಬಿಟ್ಟು ಯಶಸ್ಸು ಕಂಡ ಜೈವಿಕ ನಿಯಂತ್ರಣ ಅದು. ಎಲೆಯ ಮೇಲೆ ಕೆರೆದ ಹಾಗೆ ಸಣ್ಣ ಕಂದು ಚುಕ್ಕೆ ಕಂಡರೆ ಹುಳು ಇದೆ ಅಂತ. ಯಂತ್ರದಿಂದ ಪೂರ್ತಿ ಬಳಿದರೆ ಹುಳುವೂ ಹೋಗುತ್ತೆ, ಉಳಿದ ನಾಲ್ಕು ಗಿಡ ಅಡೆತಡೆ ಇಲ್ಲದೆ ಹಬ್ಬುತ್ತೆ. ತೇಲೋ ಹಗ್ಗದ ಬೇಲಿ ಹಾಕಿ ಒಳಹರಿವಿನ ಹತ್ತಿರ ಒಂದಿಷ್ಟು ಗಿಡ ಹುಳುವಿನ ಸಮೇತ ಉಳಿಸಿಕೊಳ್ಳಿ. ಕೊಳಚೆ ಹೆಚ್ಚಿದ್ದರೆ ಹುಳು ತಿನ್ನೋದಕ್ಕಿಂತ ಗಿಡ ಬೆಳೆಯೋದೇ ಜಾಸ್ತಿ, ಆಗ ಹುಳುವನ್ನ ಬೈದು ಪ್ರಯೋಜನ ಇಲ್ಲ.

ಸೂಜಿಬಾಲ
ಬಳ್ಳಾರಿ ಜಾಲಿ ವಿಷಯದಲ್ಲಿ ಭರತಪುರದಿಂದ ಹಾಗೇ ನಕಲು ಮಾಡಬಹುದು. ನೀರಿಲ್ಲದ ವರ್ಷಗಳಲ್ಲಿ ಜಾಲಿ ಒಣ ಜೌಗಿನೊಳಕ್ಕೇ ನುಗ್ಗಿತ್ತು. 2007ರ ಸುಮಾರಿಗೆ ಸುತ್ತಲ ಹಳ್ಳಿಯವರಿಗೆ ಬೇರು ಸಮೇತ ಕಿತ್ತರೆ ಸೌದೆ ನಿಮ್ಮದೇ ಅಂತ ಬಿಟ್ಟುಕೊಟ್ಟರು. ಇಲಾಖೆಗೆ ಜಾಗ ಸ್ವಚ್ಛ ಆಯ್ತು, ಜನಕ್ಕೆ ಉರುವಲು ಸಿಕ್ತು, 1982ರಿಂದ ಮುಚ್ಚಿದ್ದ ಬಾಗಿಲು ಒಂದಿಷ್ಟು ತೆರೀತು.

ಬೇರು ಸಮೇತ ಅನ್ನೋದು ಕಡ್ಡಾಯ. ನೆಲಮಟ್ಟಕ್ಕೆ ಕಡಿದ್ರೆ ಒಂದಕ್ಕೆ ಹತ್ತು ಚಿಗುರು. ಮೊಗ್ಗು ಇರೋ ಬುಡದ ಗಂಟು ದಾಟಿ ಸುಮಾರು 30 ಸೆಂ.ಮೀ. ಅಗೆದು ಕತ್ತರಿಸಬೇಕು, ಮಳೆ ಬಿದ್ದು ನೆಲ ಮೆತ್ತಗಾದಾಗ ಸುಲಭ. ಕಾಯಿ ಹಣ್ಣಾಗೋ ಮುಂಚೆ ಮುಗಿಸಿ. ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಮೊಳಕೆ ಹೊಡೆಯುತ್ತೆ. ಮುಂದಿನ ಎರಡು ಮಳೆಗಾಲ ಸಸಿ ಕೀಳೋಕೆ ಆಳು ಇಟ್ಟುಕೊಳ್ಳದಿದ್ರೆ ಮಾಡಿದ್ದೆಲ್ಲ ವ್ಯರ್ಥ.

ಮೀನುಮರಿ
ಇನ್ನೊಂದು ಬಿಟ್ಟುಹೋಗಿದೆ. ಆಫ್ರಿಕನ್ ಕ್ಯಾಟ್‌ಫಿಶ್. ಸಾಕಣೆ ನಿಷೇಧ ಇದ್ದರೂ ನಮ್ಮ ಕೆರೆಗಳಲ್ಲಿ ತುಂಬಿದೆ, ಕೇವಲಾದೇವ್‌ನಲ್ಲೂ ಸಾವಿರಗಟ್ಟಲೆ ಹಿಡಿದು ತೆಗೆದಿದ್ದಾರೆ. ಗಾಳಿಯಿಂದಲೂ ಉಸಿರಾಡೋ ಮೀನು, ಕೆಸರಲ್ಲಿ ಹೂತು ಬದುಕುತ್ತೆ, ಬೇರೆ ಮೀನಿನ ಮರಿಯಿಂದ ಹಿಡಿದು ಬಾತುಮರಿ ತನಕ ನುಂಗುತ್ತೆ. ನೀರು ಇಳಿಸಿದಾಗ ಉಳಿದ ಗುಂಡಿಗಳಲ್ಲಿ ಬಲೆ ಎಳೆಯೋದೇ ಇರೋ ದಾರಿ. ಮೀನುಗಾರಿಕೆ ಗುತ್ತಿಗೆಯ ಕರಾರಿನಲ್ಲೇ ಬರೆಸಿ: ಸಿಕ್ಕ ಕ್ಯಾಟ್‌ಫಿಶ್ ವಾಪಸ್ ಬಿಡುವಂತಿಲ್ಲ, ಹೊರಗಿಂದ ತಂದು ಬಿಡುವಂತಿಲ್ಲ.

ಹಸಿರುಬೇಲಿ
ಬೇಲಿ ಬೇಕು ಅನ್ನೋದರಲ್ಲಿ ನಾನು ಬದಲಾಗಲ್ಲ. ಆದ್ರೆ ಬಾಗಿಲು ಇರಲಿ, ಹುಲ್ಲು ಕೊಯ್ಯೋರಿಗೆ ಚೀಟಿ ಕೊಡಿ, ಅಂಗಳದ ಯಾವ ಪಾಲಲ್ಲಿ ಯಾವ ತಿಂಗಳು ಅಂತ ಬರೆದಿಡಿ. ನಾಯಿ ತಡೆಯೋಕೆ ಬೇಲಿಯ ಕೆಳಗಿನ ಅರ್ಧ ಅಡಿ ನೆಲದೊಳಗೆ ಹೂತಿರಲಿ. ಇದಕ್ಕೆ ಯಾರದ್ದೂ ವಿರೋಧ ಇರಲ್ಲ ಅಂದುಕೊಳ್ತೀನಿ.

ಜೊಂಡು
ನನ್ನದಿಲ್ಲ. ಎಮ್ಮೆ ಬಿಡೋದಾದ್ರೆ ಒಂದು ಷರತ್ತು ಸೇರಿಸಿ: ಡಿಸೆಂಬರಿಂದ ಮೇ ತನಕ, ಒಂದು ಬದಿ ಮಾತ್ರ. ಸಗಣಿ ಜಾಸ್ತಿ ಆದ್ರೆ ನಮ್ಮ ಕೆರೆಗೆ ಈಗಲೇ ಇರೋ ಸಾರದ ಹೊರೆ ಇನ್ನೂ ಏರುತ್ತೆ. ಭರತಪುರದ ನೀರಲ್ಲಿ ಕೊಳಚೆ ಇರಲಿಲ್ಲ, ನಮ್ಮಲ್ಲಿದೆ. ಆದ್ದರಿಂದ ಇಲ್ಲಿ ಮೇಯಿಸೋದಕ್ಕಿಂತ ಕೊಯ್ದು ಹೊರಗೆ ಒಯ್ಯೋದೇ ಮೇಲು, ಹುಲ್ಲಿನ ಜೊತೆ ಸಾರಜನಕವೂ ಕೆರೆಯಿಂದಾಚೆ ಹೋಗುತ್ತೆ.

ಏರಿ_ಯಲಹಂಕ
ಸರಿ. ಕರಡು ಹೀಗೆ ಮಾಡ್ತಿದ್ದೀನಿ: ಬೇಲಿ ಒತ್ತುವರಿ ಗಡಿಗೆ, ಎರಡು ಬಾಗಿಲು, ಕೊಯ್ಯೋಕೆ ಚೀಟಿ, ಜೊಂಡು ಮೂರು ಪಾಲು, ಡಿಸೆಂಬರಿಂದ ನೀರು ಇಳಿಸೋದು, ಜಾಲಿ ಈ ಮಳೆಗಾಲದಲ್ಲಿ. ತೂಬು ಮುಚ್ಚಿದೆಯಾ ಅಂತ ನಾಳೆ ನೋಡಬೇಕು.

ನೀರ್ಗಂಟಿ
ಏರಿಯ ಹೊರಮೈ ಕಡೆಯಿಂದ ನೋಡಿ, ತೂಬಿನ ಬಾಯಿ ಅಲ್ಲಿ ಬೇಗ ಸಿಗುತ್ತೆ. ಬಾಯಲ್ಲಿ ತೇವ ಇದ್ದರೆ ಒಳಗಿನ ಕೊಳವೆ ಪೂರ್ತಿ ಕಟ್ಟಿಲ್ಲ ಅಂತ. ಗೇಟು ತುಕ್ಕು ಹಿಡಿದಿದ್ರೆ ಬಲವಂತವಾಗಿ ಎತ್ತಬೇಡಿ, ಅರ್ಧಕ್ಕೆ ಸಿಕ್ಕಿಕೊಂಡ್ರೆ ಕೆರೆ ಪೂರ್ತಿ ಖಾಲಿ ಆಗುತ್ತೆ. ಮೊದಲು ಒಳಗಡೆ ಮರಳು ಮೂಟೆ ಒಡ್ಡಿ, ಆಮೇಲೆ ಗೇಟು ಬಿಚ್ಚಿಸಿ.